ಪಿಕಪ್ ಜಾಯಿಂಟ್ ಶಾಫ್ಟ್: ಐದು ವರ್ಷ, 1,42,000 ಕಿಲೋಮೀಟರ್ ಓಡ್ಸಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಕ್ಲಚ್ ಪ್ಲೇಟಿಗೆ ಒಂಬತ್ತು ಸಾವಿರ ದಂಡ ಕಟ್ಟಿದ್ಮೇಲೇ ನಂಗೆ ಗಾಡಿ ಹೊಟ್ಟೆ ಕೆಳಗೆ ಇಂಥದ್ದೊಂದು ಶಾಫ್ಟ್ ಇದೆ, ಅದಕ್ಕೂ ಊಟ ಹಾಕ್ಬೇಕು ಅಂತ ಗೊತ್ತಾಗಿದ್ದು.

ನಂದು ಒಂದೂವರೆ ಟನ್ ಡೀಸೆಲ್ ಪಿಕಪ್, ಹಿಂದಿನ ಚಕ್ರಕ್ಕೆ ಪವರ್ ಹೋಗೋದು. ಹಾಸನದಿಂದ ಮಂಗಳೂರಿಗೆ ತರಕಾರಿ, ಶುಂಠಿ ಸೀಸನ್ನಲ್ಲಿ ಶುಂಠಿ. ಶಿರಾಡಿ ಇಳಿಯೋವಾಗ ಫುಲ್ ಲೋಡು, ಹತ್ತೋವಾಗ ಹೆಚ್ಚಾಗಿ ಖಾಲಿ ಕ್ರೇಟು. ದೋಣಿಗಾಲ್ ಮಾರನಹಳ್ಳಿ ಮಧ್ಯೆ ರೋಡ್ ಕೆಲಸದ ಕೆಸ್ರಲ್ಲೂ ಓಡಿದೆ, 2024ರ ಜುಲೈಲಿ ಗುಡ್ಡ ಜಾರಿ ಘಾಟಿ ಬಂದ್ ಆದಾಗ ಚಾರ್ಮಾಡಿ ಸುತ್ಕೊಂಡೂ ಓಡಿದೆ. ಗಾಡಿ ಕಂಪನಿ ಹೆಸ್ರು ಬೇಡ, ಇಂಥಾ ಪಿಕಪ್ಪಲ್ಲೆಲ್ಲಾ ಇದು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಕಾರಿನೋರು ಡ್ರೈವ್ ಶಾಫ್ಟ್ ಅಂದ್ರೆ ಮುಂದಿನ ಚಕ್ರದ ಹತ್ರ ರಬ್ಬರ್ ಬೂಟ್ ಹಾಕ್ಕೊಂಡಿರೋದು ಅನ್ಕೋತಾರೆ, ಅದು ಬೇರೆ. ನಾನ್ ಹೇಳ್ತಿರೋದು ಗೇರ್‌ಬಾಕ್ಸಿಂದ ಹಿಂದಿನ ಎರಡು ಚಕ್ರದ ಮಧ್ಯೆ ಇರೋ ಹೌಸಿಂಗಿಗೆ ಉದ್ದಕ್ಕೆ ಹೋಗಿರೋ ಪೈಪು. ನಮ್ಮದ್ರಲ್ಲಿ ಎರಡು ತುಂಡು, ಮಧ್ಯ ಅದನ್ನ ಹಿಡಿದಿರೋ ಸೆಂಟರ್ ಬೇರಿಂಗ್, ಮೂರು ಕಡೆ ಕ್ರಾಸ್, ಅಂದ್ರೆ ಶಾಫ್ಟ್ ಬಾಗಿದ ಕಡೆನೂ ತಿರುಗೋಕೆ ಬಿಡೋ ಪ್ಲಸ್ ಆಕಾರದ ಕೀಲು, ಅದ್ರ ನಾಲ್ಕು ಕಾಲಿಗೂ ಒಂದೊಂದು ಕಪ್.

ಸುಮಾರು 60 ಸಾವಿರ ಕಿಲೋಮೀಟರ್ ಆದಾಗ ಶುರುವಾಯ್ತು. ರಿವರ್ಸ್ ಹಾಕಿ ಕ್ಲಚ್ ಬಿಟ್ರೆ ಕೆಳಗಡೆ "ಟಕ್" ಅನ್ನೋದು, ಮತ್ತೆ ಫಸ್ಟ್ ಹಾಕಿದ್ರೆ ಇನ್ನೊಂದು "ಟಕ್". ಒಂದು ಗ್ಯಾರೇಜಲ್ಲಿ ತೋರಿಸ್ದೆ, ಅವ್ರು ಗಾಡಿ ಕೆಳಗೆ ಬಗ್ಗೂ ನೋಡ್ಲಿಲ್ಲ, ಕ್ಲಚ್ ಹೋಗಿದೆ ಅಂದ್ರು, ನಾನೂ ಹೂಂ ಅಂದೆ. ಹೊಸ ಕ್ಲಚ್ ಹಾಕಿಸ್ಕೊಂಡು ಮನೆಗ್ ಬಂದು ರಿವರ್ಸ್ ಹಾಕಿದ್ರೆ ಅದೇ ಟಕ್.

ಆಮೇಲೆ ನಮ್ಮೂರ ಕಡೆ ಲೇತ್ ಇಟ್ಕೊಂಡಿರೋ ಸಾಬ್ರ ಹತ್ರ ಹೋದೆ. ಅವ್ರು ಎರಡೂ ಕಡೆ ಚಕ್ರಕ್ಕೆ ಕಲ್ಲು ಕೊಟ್ರು, ನ್ಯೂಟ್ರಲ್ ಮಾಡಿಸಿ ಕೆಳಗೆ ನುಗ್ಗಿದ್ರು, ಕ್ರಾಸಿನ ಆಚೆ ಒಂದು ಕೈ ಈಚೆ ಒಂದು ಕೈ ಹಿಡಿದು ಬಟ್ಟೆ ಹಿಂಡೋ ಥರ ತಿರುವಿದ್ರು. "ಗೌಡ್ರೆ, ಕ್ಲಚ್ ಯಾಕ್ ಬಿಚ್ಸಿದ್ರಿ, ಇಲ್ಲಿ ಬಂದ್ ನೋಡಿ" ಅಂತ ಕರೆದ್ರು. ಹಿಂದಿನ ಕ್ರಾಸಿನ ಕಪ್ ಸುತ್ತ ಕೆಂಪು ಪುಡಿ, ಒಣ ಕುಂಕುಮ ಮೆತ್ಕೊಂಡಂಗೆ. ಅದು ಗ್ರೀಸ್ ಒಣಗಿ ಒಳಗೇ ತುಕ್ಕು ಹಿಡಿದು ಹೊರಗೆ ಉದುರ್ತಿರೋ ಗುರುತು. ಕಪ್ ಹಿಡಿದಿರೋ ಸರ್ಕ್ಲಿಪ್ ತೆಗೆದು ಕಪ್ ಬಡಿದು ಬಿಚ್ಚಿದ್ರೆ ಒಳಗೆ ಇರ್ಬೇಕಾದ ಸೂಜಿಯಂಥ ರೋಲರ್ ಅರ್ಧಕ್ಕರ್ಧ ಪುಡಿ, ಉಳಿದಿದ್ದು ಕ್ರಾಸಿನ ಕಾಲಿನ ಮೇಲೆ ಸಾಲಾಗಿ ಗೀರು ಕೊರೆದುಬಿಟ್ಟಿದ್ವು, ಉಗುರು ಆಡಿಸಿದ್ರೆ ಕಟಕಟ ಸಿಕ್ಕೋದು. ಕ್ರಾಸ್ ಕಿಟ್ 650, ಕೂಲಿ 500, ಅಷ್ಟಕ್ಕೇ ಟಕ್ ನಿಂತೋಯ್ತು.

ಈ ಶಾಫ್ಟ್ ಎಷ್ಟು ತಿರುಗುತ್ತೆ ಅಂತ ಒಂದಿನ ಕೂತು ಲೆಕ್ಕ ಹಾಕ್ದೆ. 60ರಲ್ಲಿ ಹೋದ್ರೆ ನಿಮಿಷಕ್ಕೆ ಒಂದು ಕಿಲೋಮೀಟರು, ಟೈರಿನ ಸುತ್ತಳತೆ ಎರಡೂಕಾಲು ಮೀಟರ್ ಹತ್ರ, ಅಂದ್ರೆ ಚಕ್ರ ನಿಮಿಷಕ್ಕೆ 450ರ ಆಸುಪಾಸು ಸುತ್ತು. ಚಕ್ರ ಒಂದು ಸುತ್ತು ಹಾಕೋಕೆ ಶಾಫ್ಟ್ ಸುಮಾರು ನಾಲ್ಕು ಸುತ್ತು ಹಾಕ್ಬೇಕು, ಹಂಗಾದ್ರೆ ನಿಮಿಷಕ್ಕೆ 1,800, ಸೆಕೆಂಡಿಗೆ 30. ಪೈಪಿನ ಮೇಲೆ ಒಂದು ಕಡೆ ಸಣ್ಣ ತಗಡಿನ ತುಂಡು ವೆಲ್ಡ್ ಮಾಡಿರ್ತಾರಲ್ಲ, ಅದು ಬ್ಯಾಲೆನ್ಸಿಗೆ, ಯಾರೋ ತೇಪೆ ಹಾಕಿದ್ದಾರೆ ಅಂತ ಉಜ್ಜಿ ತೆಗೆದುಬಿಟ್ಟೀರ ಮತ್ತೆ. ಮಳೆಗಾಲದಲ್ಲಿ ಪೈಪಿಗೆ ಒಂದೇ ಕಡೆ ಮಣ್ಣು ಮೆತ್ಕೊಂಡ್ರೂ ನಡುಕ ಬರುತ್ತೆ, ನಂಗೆ ಎರಡು ಸಲ ಬಂದಿದೆ, ಕೆರೆದ್ರೆ ಹೋಯ್ತು.

ಇನ್ನೊಂದು ಪೆಟ್ಟು ತಿಂದಿದ್ದು ಸೆಂಟರ್ ಬೇರಿಂಗ್ ವಿಷಯದಲ್ಲಿ. ಲೋಡ್ ಹಾಕ್ಕೊಂಡು ಫಸ್ಟ್ ಗೇರಲ್ಲಿ ಎತ್ತೋವಾಗ ಸೀಟ್ ಕೆಳಗೆ ಗುಡುಗುಡು ಅನ್ನೋಕೆ ಶುರುವಾಯ್ತು, ವೇಗ ಹಿಡಿದ್ರೆ ಇರ್ತಿರ್ಲಿಲ್ಲ. ಬೇರಿಂಗ್ ಸುತ್ತ ಇರೋ ರಬ್ಬರ್ ಹರಿದಿತ್ತು. ಅರ್ಜೆಂಟ್ ಅಂತ ಘಟ್ಟದ ಕೆಳಗೆ ಒಂದು ಶೆಡ್ಡಲ್ಲಿ ಹಾಕಿಸ್ದೆ. ಗುಡುಗುಡು ಹೋಯ್ತು, ಅದ್ರ ಬದ್ಲು 50 ದಾಟಿದ್ರೆ ಇಡೀ ಗಾಡಿ ಜುಂ ಅನ್ನೋದು, ಕನ್ನಡಿಲಿ ಹಿಂದಿನ ಲಾರಿ ಎರಡೆರಡು ಕಾಣೋದು. ವೀಲ್ ಬ್ಯಾಲೆನ್ಸಿಂಗ್ ಮಾಡಿಸ್ದೆ, ಟೈರ್ ಅದ್ಲುಬದ್ಲು ಮಾಡ್ದೆ, ಏನೂ ಆಗ್ಲಿಲ್ಲ. ಮೂರು ವಾರ ಹಂಗೇ ಓಡ್ಸಿ ಕೊನೆಗೆ ಸಾಬ್ರ ಹತ್ರ ಹೋದ್ರೆ, ಅವ್ರು ಟಾರ್ಚ್ ಬಿಟ್ಟು ಎರಡೇ ನಿಮಿಷಕ್ಕೆ ಹೇಳಿದ್ರು, ಸ್ಪ್ಲೈನ್ (ಶಾಫ್ಟಿನ ಭಾಗ ಒಂದ್ರೊಳಗೊಂದು ಕೂರೋ ಹಲ್ಲಿನ ಜಾಗ) ತಪ್ಪು ಹಲ್ಲಿಗೆ ಕೂರ್ಸಿದ್ದಾರೆ, ಬಾಣದ ಗುರುತಿಗೆ ಗುರುತು ಸೇರಿಲ್ಲ ಅಂತ.

ಗುರುತು ಯಾಕೆ ಸೇರ್ಬೇಕು ಅಂತ ಡಿಪ್ಲೊಮಾ ಓದ್ತಿರೋ ಅಕ್ಕನ ಮಗ ಹೇಳ್ದ. ಕ್ರಾಸ್ ಬಾಗಿದ ಕೋನದಲ್ಲಿ ತಿರುಗೋವಾಗ ಈ ಕಡೆ ಒಂದೇ ವೇಗದಲ್ಲಿ ತಿರುಗಿದ್ರೂ ಆ ಕಡೆ ಒಂದು ಸುತ್ತಿಗೆ ಎರಡು ಸಲ ಜೋರಾಗಿ ಎರಡು ಸಲ ನಿಧಾನ ಆಗುತ್ತಂತೆ. ಮುಂದಿನ ಕ್ರಾಸ್ ಮಾಡಿದ ಈ ಎಡವಟ್ಟನ್ನ ಹಿಂದಿನದು ಉಲ್ಟಾ ಮಾಡಿ ಸರಿ ಮಾಡ್ಬೇಕು, ಅದಕ್ಕೆ ಎರಡು ಯೋಕ್, ಅಂದ್ರೆ ಕ್ರಾಸ್ ಹಿಡಿಯೋ ಕವೆ, ಕಂಪನಿ ಕೂರ್ಸಿದ್ದ ಲೈನಲ್ಲೇ ಇರ್ಬೇಕು, ಒಂದು ಹಲ್ಲು ತಪ್ಪಿದ್ರೂ ಲೆಕ್ಕ ತಪ್ಪುತ್ತೆ. ಹುಕ್ಸ್ ಜಾಯಿಂಟ್ ಅಂತ ಪರೀಕ್ಷೇಲಿ ಬರುತ್ತೆ ಮಾಮ ಅಂದ, ನಂಗೆ ಮೂರು ವಾರ ರೋಡಲ್ಲೇ ಪರೀಕ್ಷೆ ಆಗಿತ್ತು. ಈಗ ಯಾರು ಶಾಫ್ಟ್ ಬಿಚ್ಚಿದ್ರೂ ಮೊದ್ಲು ಬೋಲ್ಟ್ ಕೂರೋ ಫ್ಲಾಂಜಿಗೂ ಸ್ಪ್ಲೈನಿಗೂ ನಾನೇ ಬಿಳಿ ಪೇಂಟಲ್ಲಿ ಗೆರೆ ಎಳೀತೀನಿ. ಹಾಂ, ಶಾಫ್ಟ್ ಬಿಚ್ಚಿದ್ಮೇಲೆ ಗೇರಲ್ಲಿ ನಿಲ್ಸಿದೀನಿ ಅನ್ನೋ ಧೈರ್ಯ ಬೇಡ, ಚಕ್ರಕ್ಕೂ ಗೇರ್‌ಬಾಕ್ಸಿಗೂ ಸಂಬಂಧನೇ ಇರಲ್ಲ, ಇಳಿಜಾರಲ್ಲಿ ಗಾಡಿ ಸೀದಾ ಹೊರಟೋಗುತ್ತೆ.

ಗ್ರೀಸಿಂಗ್ ನಾನೇ ಮಾಡ್ತೀನಿ. 5,000 ಕಿಲೋಮೀಟರಿಗೊಂದ್ಸಲ, ಮಳೆಗಾಲದಲ್ಲಿ 3,000ಕ್ಕೆ, ನೀರಲ್ಲಿ ಇಳಿಸಿದ್ರೆ ಅವತ್ತೇ. ವಾಟರ್ ಸರ್ವಿಸ್ ಮಾಡಿಸಿದ್ರೂ ಅಷ್ಟೇ, ಪ್ರೆಷರ್ ನೀರು ಸೀಲ್ ದಾಟಿ ಒಳಗೆ ಹೋಗುತ್ತೆ, ಹೊಸ ಗ್ರೀಸ್ ಹೊಡೆದ್ರೆ ಅದು ನೀರನ್ನ ತಳ್ಕೊಂಡು ಹೊರಗೆ ಬರುತ್ತೆ. ಇಪಿ-2 ಲಿಥಿಯಂ ಗ್ರೀಸ್, ಮೊದ್ಲು ಗ್ರೀಸ್ ಒಳಗೆ ಹೋಗೋ ನಿಪ್ಪಲ್ ಒರೆಸಿ, ಇಲ್ಲಾಂದ್ರೆ ಮಣ್ಣನ್ನೂ ಸೇರ್ಸಿ ಪಂಪ್ ಮಾಡ್ತೀರ. ಎರಡು ಪಂಪ್ ಹೊಡೆದು ಆಯ್ತು ಅನ್ಬೇಡಿ, ನಾಲ್ಕೂ ಕಪ್ಪಿನ ಬಾಯಲ್ಲಿ ಹೊಸ ಗ್ರೀಸ್ ಕಾಣ್ಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರ್ಲಿಲ್ಲ ಅಂದ್ರೆ ಆ ಒಂದೇ ನಿಮ್ಮನ್ನ ಘಟ್ಟದ ಕೆಳಗೆ ಗುಂಡ್ಯದಲ್ಲಿ ನಿಲ್ಲಿಸೋದು. ಸ್ಲಿಪ್ ಜಾಯಿಂಟ್ ಮರೀಬೇಡಿ, ಗಾಡಿ ಕುಣಿದಂಗೆಲ್ಲಾ ಶಾಫ್ಟ್ ಉದ್ದ ಗಿಡ್ಡ ಆಗೋದು ಅಲ್ಲೇ.

ಸಾಮಾನಿನ ವಿಷಯಕ್ಕೆ ಬಂದ್ರೆ, ನಿಪ್ಪಲ್ ಇಲ್ಲದ ಸೀಲ್ಡ್ ಕ್ರಾಸೂ ಸಿಗುತ್ತೆ, ಒಮ್ಮೆ ಮಧ್ಯದ್ದಕ್ಕೆ ಹಾಕಿ ನೋಡ್ದೆ, ಊರಲ್ಲಿ ಟಾರ್ ರೋಡಲ್ಲಿ ಓಡ್ಸೋರಿಗೆ ತಲೆನೋವಿಲ್ಲ, ಆದ್ರೆ ನನ್ನ ಕೆಸ್ರಿಗೆ 30 ಸಾವಿರಕ್ಕೇ ಬಿಗಿಯಾಯ್ತು. ನಿಪ್ಪಲ್ ಇರೋದೇ ವಾಸಿ. ಇನ್ನೂರೈವತ್ತಕ್ಕೆ ಸಿಗೋ ಕಿಟ್ ಬೇಡವೇ ಬೇಡ. ಆಮೇಲೆ ಜಾಸ್ತಿ ಲೋಡಿಗೆ ಅಂತ ಎಕ್ಸ್ಟ್ರಾ ಕಮಾನ್ ಪ್ಲೇಟ್ ಹಾಕಿಸೋರು ನೋಡ್ಕೊಳ್ಳಿ, ನಾನೂ ಎರಡು ಹಾಕಿಸಿದ್ದೆ, ಖಾಲಿ ಗಾಡಿ ಹಿಂದೆ ಎತ್ತರಕ್ಕೆ ನಿಂತು ಶಾಫ್ಟಿನ ಕೋನವೇ ಬದ್ಲಾಗಿ ವಾಪಸ್ ಬರೋವಾಗೆಲ್ಲಾ ನಡುಕ, ಲೋಡ್ ಇದ್ರೆ ಇಲ್ಲ. ಒಂದು ತೆಗೆಸ್ದೆ, ಕಮ್ಮಿಯಾಯ್ತು, ಪೂರ್ತಿ ಹೋಗಿಲ್ಲ.

ಶಾಫ್ಟ್ ಪೈಪು ಇನ್ನೂ ಕಂಪನಿದೇ, ಹಿಂದಿನ ಕ್ರಾಸ್ ಆಗ ಹಾಕಿಸಿದ್ದೇ 82 ಸಾವಿರ ಓಡಿದೆ. ಹೋದ ಭಾನುವಾರ ಗ್ರೀಸ್ ಹೊಡೆಯೋವಾಗ ಸೆಂಟರ್ ಬೇರಿಂಗ್ ರಬ್ಬರಲ್ಲಿ ಕೂದಲೆಳೆ ಬಿರುಕು ಕಾಣ್ತು, ಈ ಸಲ ಘಟ್ಟ ಇಳಿಯೋಕೆ ಮುಂಚೆ ಇಲ್ಲೇ ಹಾಕಿಸ್ಕೋತೀನಿ, ಪೇಂಟ್ ಡಬ್ಬಿ ಆಗ್ಲೇ ಗಾಡೀಲಿದೆ.