ಶಿಯರ್‌ವಾಟರ್ ಪೆರೆಗ್ರಿನ್: ದುಡ್ಡು ಕೊಟ್ಟು ಕೊಳ್ಳುವಷ್ಟು ಚೆನ್ನಾಗಿದೆಯೇ?

ಕೆನಡಾದ ಶಿಯರ್‌ವಾಟರ್ ಕಂಪನಿಯ ಪೆರೆಗ್ರಿನ್ ಒಂದು ಡೈವ್ ಕಂಪ್ಯೂಟರ್, ಅಂದರೆ ಸ್ಕೂಬಾ ಡೈವ್‌ನಲ್ಲಿ ಕೈಗೆ ಕಟ್ಟಿಕೊಳ್ಳುವ ಲೆಕ್ಕದ ಸಾಧನ. ಕೊಳ್ಳಲು ಮೊದಲ ಕಾರಣ ಅದರ ಪರದೆ. 2.2 ಇಂಚಿನ ಬಣ್ಣದ ಪರದೆಯಲ್ಲಿ ಆಳ, ಡೈವ್ ಸಮಯ, ಡಿಕೋ (ಮೇಲೆ ಬರುವಾಗ ನಡುವೆ ಕಡ್ಡಾಯವಾಗಿ ನಿಲ್ಲುವುದು) ಇಲ್ಲದೆ ಇರಬಹುದಾದ ನಿಮಿಷಗಳು ಅಂದರೆ ಎನ್‌ಡಿಎಲ್, ಮೂರೂ ದಪ್ಪ ಅಂಕಿಗಳಲ್ಲಿ ಕಾಣುತ್ತವೆ. ನೀರು ಕಲಕಿದ ದಿನ ನೇತ್ರಾಣಿ ದ್ವೀಪದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಓದಲು ಚಾಳೀಸು ಬೇಕಾದವರಿಗಂತೂ ಇಷ್ಟೇ ಸಾಕು.

ಪ್ಲಾನಿಂಗ್ ಸರಳ. ಎರಡು ಡೈವ್‌ಗಳ ನಡುವೆ ಎಷ್ಟು ಹೊತ್ತು ದೋಣಿಯಲ್ಲಿರುತ್ತೀರಿ ಎಂದು ಎನ್‌ಡಿಎಲ್ ಪ್ಲಾನರ್‌ಗೆ ಕೊಟ್ಟರೆ, ಮುಂದೆ ಯಾವ ಆಳಕ್ಕೆ ಎಷ್ಟು ನಿಮಿಷ ಎಂಬ ಪಟ್ಟಿ ಬರುತ್ತದೆ. ಸಿಲಿಂಡರ್‌ನಲ್ಲಿ ಉಳಿದ ಗಾಳಿ ಮಾತ್ರ ಇದಕ್ಕೆ ಗೊತ್ತಾಗದು. ಅದು ಬೇಕಿದ್ದರೆ ಪೆರೆಗ್ರಿನ್ ಟಿಎಕ್ಸ್ ಮಾದರಿಗೆ ಹೋಗಬೇಕು. ಇಲ್ಲಿ ಗೇಜ್ ನೋಡುತ್ತಲೇ ಇರಬೇಕು.

ನನಗೆ ಅತಿ ಮುಖ್ಯವೆನಿಸುವುದು ಲೆಕ್ಕದ ಪಾರದರ್ಶಕತೆ. ಒಳಗಿರುವುದು ದೇಹ ಸೇರುವ ನೈಟ್ರೋಜನ್ ಲೆಕ್ಕ ಹಾಕುವ ಬ್ಯೂಲ್ಮನ್ ಝಡ್‌ಎಚ್‌ಎಲ್-16ಸಿ ಸೂತ್ರ, ಮೇಲೆ ಅದರ ಮಿತಿಯನ್ನು ಬಿಗಿ ಮಾಡುವ ಗ್ರೇಡಿಯಂಟ್ ಫ್ಯಾಕ್ಟರ್. ಎಚ್ಚರಿಕೆಯ ಮಟ್ಟಕ್ಕೆ ಸಿದ್ಧ ಆಯ್ಕೆ ಮೂರು: ಲೋ 45/95, ಮೀಡಿಯಂ 40/85, ಹೈ 35/75. ಡಿಕೋ ಇಲ್ಲದ ಡೈವ್‌ಗಳಲ್ಲಿ ಎನ್‌ಡಿಎಲ್ ನಿರ್ಧರಿಸುವುದು ಎರಡನೆಯ ಅಂಕಿ. 85 ಎಂದರೆ, ದೇಹ ತಡೆದುಕೊಳ್ಳುತ್ತದೆಂದು ಬ್ಯೂಲ್ಮನ್ ಲೆಕ್ಕ ಹಾಕಿದ, ಸುತ್ತಲಿನ ಒತ್ತಡಕ್ಕಿಂತ ಹೆಚ್ಚುವರಿಯಾದ ನೈಟ್ರೋಜನ್ ಒತ್ತಡದ ಮಿತಿಯ ಶೇ. 85ರೊಳಗೇ ಮೇಲೆ ಬರುವುದು. ಹೊಸಬರು, ವಯಸ್ಸಾದವರು, ದಿನಕ್ಕೆ ಮೂರು ಡೈವ್ ಮಾಡುವವರು ಹೈ ಇಟ್ಟುಕೊಳ್ಳಲಿ, ನಿಮಿಷ ಕಡಿಮೆಯಾದರೂ ಚಿಂತೆಯಿಲ್ಲ. ಜೊತೆಗೆ ಡೈವ್ ಮಾಡುವವರ ಕಂಪ್ಯೂಟರ್ ಬೇರೆ ಲೆಕ್ಕ ಹೇಳಿದರೆ, ಯಾವುದು ಕಡಿಮೆ ನಿಮಿಷ ಕೊಡುತ್ತದೋ ಅದರಂತೆ ಇಬ್ಬರೂ ನಡೆಯಬೇಕು. ಡೈವ್‌ಗಳ ನಡುವೆ ಕಂಪ್ಯೂಟರ್ ಅದಲುಬದಲು ಮಾಡಿದರೆ ಲೆಕ್ಕವೇ ಸುಳ್ಳು, ಏಕೆಂದರೆ ಅದರಲ್ಲಿರುವುದು ಹಿಂದೆ ಕಟ್ಟಿಕೊಂಡವರ ದೇಹದ ನೈಟ್ರೋಜನ್.

ತಪ್ಪು ಹೆಚ್ಚಾಗಿ ಆಗುವುದು ಗ್ಯಾಸ್ ಸೆಟ್ಟಿಂಗ್‌ನಲ್ಲಿ. ಉಸಿರಾಡುವುದು ಗಾಳಿ, ಕಂಪ್ಯೂಟರ್‌ನಲ್ಲಿ 32% ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಮಿಶ್ರಣ) ಹಾಗೇ ಉಳಿದಿದ್ದರೆ ಇಲ್ಲದ ನಿಮಿಷಗಳನ್ನು ಇದೆಯೆಂದು ತೋರಿಸುತ್ತದೆ. ತಿರುಗುಮುರುಗಾದರೆ ನಿಮಿಷ ಕಡಿಮೆ ಕಾಣುತ್ತದೆ, ಆದರೆ ಆಮ್ಲಜನಕದ ಎಚ್ಚರಿಕೆ ತಡವಾಗುತ್ತದೆ, ಪಿಒ2, ಅಂದರೆ ಆಮ್ಲಜನಕದ ಭಾಗಶಃ ಒತ್ತಡದ ಮಿತಿ, 1.4 ಇಟ್ಟರೆ 32% ಮಿಶ್ರಣದ ಆಳದ ಮಿತಿ ಸುಮಾರು 33 ಮೀಟರ್. ಆಮ್ಲಜನಕ ಅಳೆಯುವ ಅನಲೈಸರ್‌ನಲ್ಲಿ ಕಂಡ ಅಂಕಿಯನ್ನು ಪ್ರತಿ ಸಿಲಿಂಡರ್‌ಗೂ ಕೈಯಾರೆ ಹಾಕಿ.

ಮೇಲೇರುವ ವೇಗಕ್ಕೆ ಬಾಣಗಳಿವೆ, ಒಂದೊಂದೂ ನಿಮಿಷಕ್ಕೆ 3 ಮೀಟರ್. ಮೂರರವರೆಗೆ ಬಿಳಿ, ನಾಲ್ಕು-ಐದಕ್ಕೆ ಹಳದಿ, ಆರಕ್ಕೆ ಮಿನುಗುವ ಕೆಂಪು. 11 ಮೀಟರ್ ದಾಟಿದ ಡೈವ್‌ಗೆ ಸೇಫ್ಟಿ ಸ್ಟಾಪ್ (ಮೇಲೆ ಬರುವ ಮುನ್ನ ಕೆಲವು ನಿಮಿಷ ನಿಲ್ಲುವುದು) ಕೇಳುತ್ತದೆ. 6 ಮೀಟರ್‌ಗಿಂತ ಮೇಲೆ ಬಂದಾಗ ಎಣಿಕೆ ಶುರು. ಅಲೆ ಎತ್ತಿ ಹಾಕಿ 2.4 ಮೀಟರ್‌ಗಿಂತ ಮೇಲೆ ಹೋದರೆ ಎಣಿಕೆ ನಿಲ್ಲುತ್ತದೆ. ಡಿಕೋ ತಪ್ಪಿಸಿದರೆ ಕೆಲವು ಕಂಪ್ಯೂಟರ್‌ಗಳು 48 ಗಂಟೆ ಲಾಕ್ ಆಗಿಬಿಡುತ್ತವೆ. ಇದು ಲಾಕ್ ಆಗದೆ ಲೆಕ್ಕ ಮುಂದುವರಿಸುತ್ತದೆ, ಅದು ಸರಿ ಎಂದೇ ನನ್ನ ಅಭಿಪ್ರಾಯ.

ಕೊರತೆಗಳೂ ಇವೆ. ದಿಕ್ಸೂಚಿ ಇಲ್ಲ. ಬ್ಯಾಟರಿ ನಾವೇ ಬದಲಿಸುವಂಥದ್ದಲ್ಲ, ವೈರ್‌ಲೆಸ್ ಪ್ಯಾಡ್ ಮೇಲಿಟ್ಟು ಚಾರ್ಜ್ ಮಾಡಬೇಕು. ಹಿಂದಿನ ರಾತ್ರಿ ಮರೆತರೆ ದೋಣಿಯಲ್ಲಿ ಪವರ್‌ಬ್ಯಾಂಕ್ ಜೊತೆ ಪ್ಯಾಡನ್ನೂ ಹುಡುಕಬೇಕಾಗುತ್ತದೆ. ವಿಮಾನ ಹತ್ತಲು ಎಷ್ಟು ಕಾಯಬೇಕೆಂದೂ ಹೇಳುವುದಿಲ್ಲ. ಡೈವರ್‌ಗಳ ಸುರಕ್ಷತಾ ಸಂಸ್ಥೆ ಡ್ಯಾನ್‌ನ ಸೂಚನೆಯಂತೆ ಒಂದೇ ಡೈವ್‌ಗೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಿಗೆ 18, ಡಿಕೋ ಮಾಡಿದ್ದರೆ ಇನ್ನೂ ಹೆಚ್ಚು. ಈ ಸೂಚನೆ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಮುರ್ಡೇಶ್ವರದಲ್ಲಿ ಡೈವ್ ಮುಗಿಸಿ ಅದೇ ಸಂಜೆಯ ಬಸ್ಸಿಗೆ ಘಟ್ಟ ಹತ್ತುವವರು ಟಿಕೆಟ್ ಮಾಡಿಸುವಾಗಲೇ ಈ ಗಂಟೆಗಳನ್ನು ಎಣಿಸಿಕೊಳ್ಳಲಿ.