ಎಲೆ ಉದುರಿದ ಪಾರ್ಕಿಗೆ ಯಾವುದು: ದುರ್ಬೀನೋ, ಝೂಮ್ ಕ್ಯಾಮೆರಾನೋ, ದೊಡ್ಡ ಲೆನ್ಸೋ?

ಎಲೆ ಉದುರಿದ ಮೇಲೆ ಪಾರ್ಕಿನಲ್ಲಿ ಹಕ್ಕಿ ನೋಡುವುದು ಸುಲಭ ಅನ್ನುತ್ತಾರೆ. ಅರ್ಧ ನಿಜ. ಬೋಳು ಕೊಂಬೆಯ ಮೇಲೆ ಹಕ್ಕಿ ನಮಗೆ ಕಾಣುತ್ತದೆ, ನಾವೂ ಹಕ್ಕಿಗೆ ಕಾಣುತ್ತೇವೆ. ಎಲೆಯಿದ್ದಾಗ ಹತ್ತು ಹೆಜ್ಜೆ ಹತ್ತಿರ ಹೋದರೂ ಸುಮ್ಮನಿರುತ್ತಿದ್ದ ಮರಕುಟಿಗ ಈಗ ಮೂವತ್ತು ಹೆಜ್ಜೆ ದೂರವಿರುವಾಗಲೇ ಕಾಂಡದ ಆಚೆ ಬದಿಗೆ ಜಾರಿಕೊಳ್ಳುತ್ತದೆ. ಹಗಲು ಬೇರೆ ಚಿಕ್ಕದು, ಬೆಳಿಗ್ಗೆ ಮಂಜು. ಕೈಯಲ್ಲಿ ಏನು ಹಿಡಿದು ಹೋಗಬೇಕು ಅನ್ನುವುದು ಈ ಕಾಲದಲ್ಲೇ ಜಾಸ್ತಿ ಕಾಡುವ ಪ್ರಶ್ನೆ.

ನನ್ನ ಹತ್ತಿರ ಮೂರು ಇವೆ. ಒಂದು 8×42 ದುರ್ಬೀನು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲವಿರುವಂಥದ್ದು. ಇನ್ನೊಂದು 2000 ಮಿ.ಮೀ.ಗೆ ಸಮನಾದ ಝೂಮ್ ಇರುವ, ಲೆನ್ಸ್ ಕಳಚಲಾಗದ ಬ್ರಿಡ್ಜ್ ಕ್ಯಾಮೆರಾ (ಮಿ.ಮೀ. ಅಂಕಿ ಹೆಚ್ಚಿದಷ್ಟೂ ಹಕ್ಕಿ ಹತ್ತಿರ). ಮತ್ತೊಂದು 150-600 ಮಿ.ಮೀ. ಲೆನ್ಸ್ ಹಾಕಿದ ಫುಲ್‌ಫ್ರೇಮ್ ಕ್ಯಾಮೆರಾ, ಅಂದರೆ ದೊಡ್ಡ ಸೆನ್ಸರಿನದು. ಮೂರನ್ನೂ ಒಟ್ಟಿಗೆ ಹೊತ್ತು ಒಮ್ಮೆ ಹೋಗಿದ್ದೆ. ಮಿಂಚುಳ್ಳಿ ಬಂದು ಕೂತಾಗ ಮೂರರ ಪಟ್ಟಿಗಳೂ ಕುತ್ತಿಗೆಯಲ್ಲಿ ಗಂಟು ಬಿದ್ದಿದ್ದವು. ಆಮೇಲೆ ಬುದ್ಧಿ ಬಂತು: ಒಂದು ಭಾನುವಾರಕ್ಕೆ ಒಂದೇ. ಅದೇ ಪಾರ್ಕು, ಕೊಳದ ಸುತ್ತ ಅದೇ ದಾರಿ, ಅದೇ ಎರಡು ಗಂಟೆ.

ಮೊದಲ ವಾರ ದುರ್ಬೀನು. ಈ ಕಾಲದಲ್ಲಿ ಸಣ್ಣ ಹಕ್ಕಿಗಳು ಬೇರೆ ಬೇರೆ ಜಾತಿಯವು ಸೇರಿ ಗುಂಪು ಕಟ್ಟಿಕೊಂಡು ತಿರುಗುತ್ತವೆ. ಹುಳ ಹುಡುಕಲು ಕಣ್ಣುಗಳು ಜಾಸ್ತಿ, ಗಿಡುಗ ಬಂದರೆ ಎಚ್ಚರಿಸುವ ಗಂಟಲುಗಳೂ ಜಾಸ್ತಿ. ಹತ್ತು ನಿಮಿಷ ಒಂದು ಹಕ್ಕಿಯೂ ಇಲ್ಲ, ಆಮೇಲೆ ಎರಡೇ ನಿಮಿಷದಲ್ಲಿ ಇಡೀ ಮೆರವಣಿಗೆ ತಲೆಯ ಮೇಲೆ ಹಾದುಹೋಗುತ್ತದೆ. ಆ ಎರಡು ನಿಮಿಷಕ್ಕೆ ದುರ್ಬೀನಿಗೆ ಸಾಟಿಯಿಲ್ಲ. ಕಣ್ಣು ಕೊಂಬೆಯ ಮೇಲೇ ಇರುತ್ತದೆ, ದುರ್ಬೀನು ಎತ್ತಿದರೆ ಹಕ್ಕಿ ಅಲ್ಲೇ ಸಿಗುತ್ತದೆ. ಐದು ಜಾತಿ ಗುರುತಿಸಿದೆ.

10×42 ಯಾಕಲ್ಲ ಅಂತ ಕೇಳಬಹುದು. ಅದನ್ನೂ ಎರವಲು ತಂದು ನೋಡಿದ್ದೇನೆ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ ಅಷ್ಟು ಮಿ.ಮೀ. ಹತ್ತು ಪಟ್ಟಿನದಕ್ಕೆ ಅದು 4.2ಕ್ಕೆ ಇಳಿಯುತ್ತದೆ. ಮಧ್ಯಾಹ್ನ ವ್ಯತ್ಯಾಸವೇ ಗೊತ್ತಾಗಲಿಲ್ಲ. ಮಂಜಿನ ಬೆಳಿಗ್ಗೆ ಪೊದೆಯೊಳಗಿನ ಹಕ್ಕಿ ನೋಡುವಾಗ ಚೆನ್ನಾಗಿ ಗೊತ್ತಾಯಿತು. ಚಳಿಗೆ ನಡುಗುವ ಕೈಗೂ ಎಂಟೇ ವಾಸಿ, ಹತ್ತರಲ್ಲಿ ಹಕ್ಕಿಯ ಜೊತೆ ಕೈನಡುಕವೂ ದೊಡ್ಡದಾಗುತ್ತದೆ.

ದುರ್ಬೀನಿನ ದೊಡ್ಡ ಕೊರತೆ ಅಂದರೆ ಮನೆಗೆ ತರಲು ಏನೂ ಇರುವುದಿಲ್ಲ. ಉಲಿಯಕ್ಕಿಗಳ (ವಾರ್ಬ್ಲರ್) ವಿಷಯದಲ್ಲಿ ಇದು ನೋವು. ಎಲ್ಲವೂ ಹಸಿರುಮಿಶ್ರಿತ ಕಂದು, ಈ ಕಾಲದಲ್ಲಿ ಹಾಡುವುದೂ ಅಪರೂಪ, ಬರೀ ಚಿಕ್ ಚಿಕ್. ಕಾಲಿನ ಬಣ್ಣ ಏನಿತ್ತು, ರೆಕ್ಕೆಯ ಮೇಲೆ ಗೆರೆ ಇತ್ತಾ? ಮನೆಗೆ ಬಂದು ಪುಸ್ತಕ ತೆಗೆದಾಗ ಏನೂ ನೆನಪಿರಲಿಲ್ಲ.

ಎರಡನೇ ವಾರದ ಬ್ರಿಡ್ಜ್ ಕ್ಯಾಮೆರಾ ಈ ಕೊರತೆಗೆ ಮದ್ದು. ಕೊಳದ ಆ ದಡದ ಬಾತಿನ ಕೊಕ್ಕಿನ ಬಣ್ಣ ಈ ದಡದಿಂದ ಸಿಕ್ಕಿತು. ಚಿತ್ರ ಚೆಂದವೇ ಅಂದರೆ, ಇಲ್ಲ. ಇದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ಸಣ್ಣದು. ಫುಲ್‌ಫ್ರೇಮ್ ಸೆನ್ಸರಿನ ವಿಸ್ತೀರ್ಣ ಇದರ ಸುಮಾರು 30 ಪಟ್ಟು. ಮೋಡದ ದಿನ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿಸಿದರೆ ಗರಿಗಳೆಲ್ಲ ಕರಗಿ ಜಲವರ್ಣದ ಚಿತ್ರದ ಹಾಗೆ ಆಗುತ್ತವೆ. ಆದರೆ ಹೆಸರು ಹಿಡಿಯಲು ಅಷ್ಟು ಸಾಕು. ಹಿಂದಿನ ವಾರ ಕೈತಪ್ಪಿದ ಉಲಿಯಕ್ಕಿಯ ಕಾಲು ಈ ವಾರದ ಮಸುಕು ಚಿತ್ರದಲ್ಲೇ ಗೊತ್ತಾಯಿತು.

ಅಭ್ಯಾಸವಾಗುವ ತನಕ ಇದರಲ್ಲಿ ಹಕ್ಕಿ ಹುಡುಕುವುದೇ ಒಂದು ಶಿಕ್ಷೆ. ಪೂರ್ತಿ ಝೂಮ್ ಮಾಡಿ ಕಣ್ಣಿಟ್ಟರೆ ಬರೀ ಕೊಂಬೆ, ಮತ್ತೆ ಕೊಂಬೆ. ಝೂಮ್ ಹಿಂದಕ್ಕೆ ತಂದು, ಹಕ್ಕಿಯನ್ನು ನಡುವಿಗೆ ತಂದುಕೊಂಡು, ಆಮೇಲೆ ನಿಧಾನವಾಗಿ ಹತ್ತಿರ ಹೋಗಬೇಕು. ನಿಂತಲ್ಲಿ ನಿಲ್ಲದೆ ಬಾಲ ಕುಣಿಸುವ ಕುಂಡೆಕುಸ್ಕನಿಗೆ ಅಷ್ಟು ತಾಳ್ಮೆ ಇರುವುದಿಲ್ಲ. (ಆ ಹೆಸರಿಟ್ಟವರು ಹಕ್ಕಿಯನ್ನು ಸರಿಯಾಗಿ ನೋಡಿದ್ದರು, ಅಲ್ವಾ?)

ಮೂರನೇ ವಾರ ದೊಡ್ಡ ಲೆನ್ಸ್. ಲೆನ್ಸೊಂದೇ ಸುಮಾರು ಎರಡು ಕಿಲೋ. ಅರ್ಧ ಗಂಟೆಗೆ ಭುಜ ಮಾತಾಡಲು ಶುರು ಮಾಡಿತು. ಅದಕ್ಕಿಂತ ಕೆಟ್ಟದ್ದು, ನಾನು ಹಕ್ಕಿ ನೋಡುವುದನ್ನೇ ಬಿಟ್ಟಿದ್ದೆ. ನೋಡುತ್ತಿದ್ದುದು ಬೆಳಕು, ಹಿನ್ನೆಲೆ, ಅಡ್ಡ ಬಂದ ಕಡ್ಡಿ. ಹಿಂದಿನ ವಾರಗಳ ಮೆರವಣಿಗೆ ಆ ದಿನವೂ ಬಂತು. ನನಗೆ ಸಿಕ್ಕಿದ್ದು ಮುನ್ನೂರು ಚಿತ್ರ, ಅದರಲ್ಲಿ ಬಹುಪಾಲು ಫೋಕಸ್ ಆದ ಕಡ್ಡಿಗಳು, ಹಿಂದೆ ಮಬ್ಬಾದ ಹಕ್ಕಿ. ಬೋಳು ಮರದಲ್ಲಿ ಆಟೋಫೋಕಸ್ಸಿಗೆ ಕಡ್ಡಿಗಳೇ ಪ್ರಿಯ. ಫೋಕಸ್ ಬಿಂದುವನ್ನು ಅತಿ ಸಣ್ಣದು ಮಾಡಿಕೊಂಡ ಮೇಲೆ ಸ್ವಲ್ಪ ಸುಧಾರಿಸಿತು. ಜಿಗಿಯುವ ಸಣ್ಣ ಹಕ್ಕಿಗೆ ಶಟರ್ ಸ್ಪೀಡ್ 1/1000 ಸೆಕೆಂಡು ಬೇಕೇ ಬೇಕು. ಮೋಡವಿದ್ದರೆ ಐಎಸ್‌ಒ 6400ಕ್ಕೆ ಏರುತ್ತದೆ, ಆದರೂ ದೊಡ್ಡ ಸೆನ್ಸರ್ ಅದನ್ನು ತಡೆದುಕೊಳ್ಳುತ್ತದೆ.

ಹಾಗಂತ ಇದನ್ನು ಮಾರಿಬಿಡಲು ಮನಸ್ಸು ಬರಲಿಲ್ಲ, ಕಾರಣ ನಾಲ್ಕನೇ ವಾರ. ಆ ದಿನ ನಡೆಯಲೇ ಇಲ್ಲ. ಕೊಳದ ದಂಡೆಯಲ್ಲಿ ನೆಲಕ್ಕೆ ಕೂತು, ಲೆನ್ಸನ್ನು ಮೊಣಕಾಲಿನ ಮೇಲಿಟ್ಟುಕೊಂಡೆ. ಇಪ್ಪತ್ತು ನಿಮಿಷದಲ್ಲಿ ಬಾತುಗಳಿಗೆ ನಾನೂ ಒಂದು ಕಲ್ಲಾದೆ. ಬೇಸಿಗೆಯಲ್ಲಿ ಗರಿ ಉದುರಿ ಹೆಣ್ಣಿನ ಹಾಗೆ ಮಂಕಾಗಿದ್ದ ಹಸಿರುತಲೆಯ ಗಂಡುಬಾತು ಈ ಹೊತ್ತಿಗೆ ಹೊಸ ಗರಿ ಹೊದ್ದಿರುತ್ತದೆ. ಸೂರ್ಯ ತಗ್ಗಿನಲ್ಲೇ ಸಾಗುವ ಕಾಲವಾದ್ದರಿಂದ ಹೊತ್ತೇರಿದ ಮೇಲೂ ಬೆಳಕು ಓರೆಯಾಗಿ ಬಂದು ಆ ತಲೆಯ ಮೇಲೆ ಬಿತ್ತು. ಅಂಥ ಚಿತ್ರ ಇನ್ನೆರಡರಲ್ಲಿ ಯಾವುದರಿಂದಲೂ ಬರುವುದಿಲ್ಲ.

ದುರ್ಬೀನಿನ ಕಣ್ಣಿಗೆ ಫೋನ್ ಒತ್ತಿಟ್ಟು ಚಿತ್ರ ತೆಗೆಯುವುದನ್ನೂ ನೋಡಿದೆ. ಮಲಗಿದ ಗೂಬೆಗೆ ಆಗಬಹುದು, ಅಷ್ಟೇ. ಇನ್ನು ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವ ಕೆಲಸ ದಯವಿಟ್ಟು ಬೇಡ. ಚಳಿಗೆ ಮೊದಲು ಹೊಟ್ಟೆ ತುಂಬಿಸಿಕೊಳ್ಳುವ ಧಾವಂತದಲ್ಲಿರುವ ಜೀವವನ್ನು ಸುಮ್ನೆ ಓಡಾಡಿಸಿದ ಹಾಗೆ.

ಈಗ ನಾನು ಮಾಡುವುದು ಹೀಗೆ. ನಡೆಯುವ ದಿನ ಕುತ್ತಿಗೆಗೆ ದುರ್ಬೀನು, ಭುಜಕ್ಕೆ ಬ್ರಿಡ್ಜ್ ಕ್ಯಾಮೆರಾ. ಒಂದೇ ಕೊಳ್ಳುವುದಾದರೆ ಕಣ್ಣು ಮುಚ್ಚಿ ದುರ್ಬೀನು ಅನ್ನುತ್ತೇನೆ, ಫೋಟೋ ಹುಚ್ಚು ಎಷ್ಟೇ ಇರಲಿ. ದೊಡ್ಡ ಲೆನ್ಸ್ ಹೊರಡುವುದು ಕೂರುವ ದಿನ ಮಾತ್ರ, ಅದೂ ಹಿಂದಿನ ರಾತ್ರಿ ಆಕಾಶ ತಿಳಿಯಾಗಿದ್ದರೆ. ಬೆಳಿಗ್ಗೆ ಕೊಳದ ಪೂರ್ವದ ದಂಡೆಯಲ್ಲಿ ಕೂರಿ, ಬಿಸಿಲು ಬೆನ್ನಿಗಿರುತ್ತದೆ. ಕೂರಲು ಒಂದು ದಪ್ಪ ಚೀಲ ಮರೆಯಬೇಡಿ, ನೆಲ ಒದ್ದೆಯಿರುತ್ತದೆ.