ಕುಬ್ಜ ಗ್ಯಾಲಕ್ಸಿಯ ಹೈಡ್ರೋಜನ್: 40 ಆರ್ಕ್‌ಸೆಕೆಂಡ್ ಬೀಮೋ, 5 ಆರ್ಕ್‌ಸೆಕೆಂಡ್ ಬೀಮೋ?

ಪುಣೆ ಬಳಿಯ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯ 30 ಡಿಶ್‌ಗಳಲ್ಲಿ 14 ಸುಮಾರು ಒಂದು ಕಿ.ಮೀ. ಚೌಕದೊಳಗಿವೆ, ಉಳಿದವು ಮೂರು ತೋಳುಗಳಲ್ಲಿ ಚಾಚಿ 25 ಕಿ.ಮೀ.ವರೆಗಿನ ಅಂತರ ಕೊಡುತ್ತವೆ. ಹಾಗಾಗಿ ಒಂದೇ ದತ್ತಾಂಶದಿಂದ ಒರಟು ಚಿತ್ರವೂ (ಬೀಮ್, ಅಂದರೆ ಚಿತ್ರದ ಮಸುಕಿನ ಅಗಲ, ದೊಡ್ಡದು) ಬರುತ್ತದೆ, ಸೂಕ್ಷ್ಮ ಚಿತ್ರವೂ (ಬೀಮ್ ಚಿಕ್ಕದು) ಬರುತ್ತದೆ. ಧಾರವಾಡದಲ್ಲಿ ಸಾದಾ ಡೆಸ್ಕ್‌ಟಾಪ್ ಮೇಲೆ ಕಾಸಾ (ರೇಡಿಯೊ ದತ್ತಾಂಶ ಸಂಸ್ಕರಿಸುವ ತಂತ್ರಾಂಶ) ಹಾಕಿ ಎರಡನ್ನೂ ಮಾಡಿ ನೋಡಿದ ಮೇಲೆ ನಮ್ಮ ಮತ: ಲೋಹಾಂಶ (ಹೈಡ್ರೋಜನ್, ಹೀಲಿಯಂಗಿಂತ ಭಾರದ ಧಾತುಗಳು) ತೀರ ಕಡಿಮೆಯಿರುವ ಗ್ಯಾಲಕ್ಸಿಗೆ ಮೊದಲು ಒರಟು.

ಯುವಿ ಮಿತಿಯನ್ನು (ಬಳಸುವ ಡಿಶ್-ಜೋಡಿಗಳ ಗರಿಷ್ಠ ಅಂತರ) 5 ಕಿಲೋಲ್ಯಾಂಬ್ಡಾಕ್ಕೆ, ಅಂದರೆ 5,000 ತರಂಗಾಂತರಕ್ಕೆ, ಇಟ್ಟರೆ ಬೀಮ್ ಸುಮಾರು 40 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ). ನಾಯ್ಸ್ 1 ಮಿಲಿಜಾನ್ಸ್ಕಿ (ಜಾನ್ಸ್ಕಿ ಎಂಬುದು ರೇಡಿಯೊ ಹೊಳಪಿನ ಮಾನ), ವೇಗದ ಅಗಲ ಸೆಕೆಂಡಿಗೆ 10 ಕಿ.ಮೀ. ಎಂದುಕೊಳ್ಳಿ: ಚದರ ಸೆಂ.ಮೀ.ಗೆ 7×10¹⁸ ಪರಮಾಣುಗಳ ತೆಳು ಅನಿಲ ನಾಯ್ಸ್ ಮಟ್ಟಕ್ಕೆ ಸಮ. 5 ಆರ್ಕ್‌ಸೆಕೆಂಡಿನಲ್ಲಿ ಅದೇ ಮಟ್ಟ 4.4×10²⁰, ಅಂದರೆ 64 ಪಟ್ಟು. ಲೋಹಾಂಶ ಕಡಿಮೆಯಿರುವ ಕುಬ್ಜ ಗ್ಯಾಲಕ್ಸಿ ಎಸ್‌ಬಿಎಸ್ 0335-052ರ ಪೂರ್ವ, ಪಶ್ಚಿಮ ತುಣುಕುಗಳನ್ನು ಸುತ್ತುವ ಒಂದೇ ಹೈಡ್ರೋಜನ್ ಮೋಡದಂಥದ್ದರ ತೆಳು ಅಂಚು ಸೂಕ್ಷ್ಮ ಚಿತ್ರದಲ್ಲಿ ಮುಳುಗಿಹೋಗುತ್ತದೆ. ಹೈಡ್ರೋಜನ್ನಿನ ಒಟ್ಟು ದ್ರವ್ಯರಾಶಿಯನ್ನೂ (ಸೂರ್ಯನ ದ್ರವ್ಯರಾಶಿಗಳಲ್ಲಿ 2.36×10⁵×D²×S; D ದೂರ, ಮೆಗಾಪಾರ್ಸೆಕ್‌ನಲ್ಲಿ, ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ; S ಸಂಕೇತದ ಒಟ್ಟು ಹೊಳಪು, ಜಾನ್ಸ್ಕಿ-ಕಿ.ಮೀ./ಸೆ.ನಲ್ಲಿ) ಒರಟಿನಿಂದಲೇ ಅಳೆಯಿರಿ.

ಒರಟಿಗೂ ತೊಂದರೆ ಇದೆ. ಸ್ಥಳೀಯ ರೇಡಿಯೊ ಗದ್ದಲ ಚಿಕ್ಕ ಬೇಸ್‌ಲೈನ್‌ಗಳಲ್ಲೇ (ಹತ್ತಿರದ ಡಿಶ್-ಜೋಡಿಗಳಲ್ಲಿ) ಹೆಚ್ಚು ಹೊಕ್ಕಿರುತ್ತದೆ. ಫ್ಲ್ಯಾಗಿಂಗ್‌ನಲ್ಲಿ (ಕೆಟ್ಟ ದತ್ತಾಂಶ ಗುರುತಿಸಿ ಬಿಡುವುದರಲ್ಲಿ) ಸೋಮಾರಿತನ ಮಾಡಿದರೆ ಚಿತ್ರದ ತುಂಬ ಪಟ್ಟೆಗಳು.

ಇಂಥದೇ ಇನ್ನೊಂದು ಕುಬ್ಜ ಗ್ಯಾಲಕ್ಸಿ ಐ ಜ್ವಿಕಿ 18 ಸುಮಾರು 18 ಮೆಗಾಪಾರ್ಸೆಕ್ ದೂರದಲ್ಲಿದೆ. ಅಲ್ಲಿ 40 ಆರ್ಕ್‌ಸೆಕೆಂಡ್ ಎಂದರೆ 3.5 ಕಿಲೋಪಾರ್ಸೆಕ್, ನಕ್ಷತ್ರ ಹುಟ್ಟುವ ದಟ್ಟ ಗಂಟುಗಳು ಕರಗಿ ಚಪ್ಪಟೆಯಾಗುತ್ತವೆ. 5 ಆರ್ಕ್‌ಸೆಕೆಂಡ್ ಎಂದರೆ ಸುಮಾರು 440 ಪಾರ್ಸೆಕ್. ಅನಿಲದ ಗಂಟನ್ನು ಆಪ್ಟಿಕಲ್ ಚಿತ್ರದ ಜೊತೆ ಹೊಂದಿಸಲು ಇದೇ ಬೇಕು. ಆದರೆ 256×256ರ ಬದಲು 2048×2048 ಪಿಕ್ಸೆಲ್, ಪ್ರತಿ ಚಾನೆಲ್‌ಗೂ (ಆವರ್ತನದ ತುಣುಕಿಗೂ). ನಮ್ಮ ಕಡೆಯ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಇದನ್ನು ರಾತ್ರಿ ಹಾಕಿ ಮಲಗಬೇಡಿ!

ಎರಡಕ್ಕೂ ಒಂದೇ ಎಚ್ಚರಿಕೆ: ಕಂಟಿನ್ಯುವಂ (ಎಲ್ಲ ಆವರ್ತನದಲ್ಲೂ ಹರಡಿದ ರೇಡಿಯೊ ಹೊಳಪು) ಕಳೆಯುವಾಗ ರೇಖೆ (ಹೈಡ್ರೋಜನ್ನಿನ 21 ಸೆಂ.ಮೀ. ಸಂಕೇತ) ಇರುವ ಚಾನೆಲ್ ಒಂದೂ ಸೇರಬಾರದು. ಸೇರಿದರೆ ಗ್ಯಾಲಕ್ಸಿಯ ಸಂಕೇತವೇ ತಿನ್ನಲ್ಪಡುತ್ತದೆ, ಅಕ್ಕಪಕ್ಕದಲ್ಲಿ ಋಣ ಗುಂಡಿ ಬೀಳುತ್ತದೆ. ಬೇರೆಬೇರೆ ತಿಂಗಳ ದತ್ತಾಂಶ ಸೇರಿಸುವುದಾದರೆ ವೇಗದ ಚೌಕಟ್ಟು ಬ್ಯಾರಿಸೆಂಟ್ರಿಕ್ (ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಸಾಪೇಕ್ಷ) ಇರಲಿ. ಇಲ್ಲದಿದ್ದರೆ ಭೂಮಿಯ ಸೆಕೆಂಡಿಗೆ 30 ಕಿ.ಮೀ. ಓಟ ರೇಖೆಯನ್ನು ಕಲಸಿಬಿಡುತ್ತದೆ.

ಒರಟು ಚಿತ್ರದಲ್ಲಿ 3 ಸಿಗ್ಮಾ (ನಾಯ್ಸಿನ ಮೂರು ಪಟ್ಟು) ದಾಟಿದ ಜಾಗವನ್ನು ಆಯ್ದು ಮಾಸ್ಕ್ ಮಾಡಿ, ಸೂಕ್ಷ್ಮ ಗ್ರಿಡ್‌ಗೆ ಇಳಿಸಿ, ಅದರೊಳಗೆ ಮಾತ್ರ ಕ್ಲೀನ್ (ಬೀಮ್ ಹುಟ್ಟಿಸುವ ಸುಳ್ಳು ಗುರುತುಗಳನ್ನು ತೆಗೆಯುವ ಕೆಲಸ) ಮಾಡಿ. ನಾಯ್ಸಿನ ಗುಳ್ಳೆಗಳನ್ನು ಗಂಟೆಂದು ಎಣಿಸುವ ಅಪಾಯ ಬಹುಪಾಲು ಅಲ್ಲೇ ತಪ್ಪುತ್ತದೆ.